ಕಾಫಿಮಲೆಗಳ ಜೀಪುಗಾಡಿ: ಮೂಲರೂಪವೂ ಜೀರ್ಣೋದ್ಧಾರವೂ

ಚಿಕ್ಕಮಗಳೂರು ಸೀಮೆಯ ಪೂರ್ವಚರಿತ್ರೆಯನ್ನು ತಿಳಿಯಬಯಸುವವರಿಗೆ ಆಧಾರಗಳ ಕೊರತೆಯಿಲ್ಲ. ಬಿ. ಎಲ್. ರೈಸರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ ಆರನೆಯ ಸಂಪುಟವು ೧೯೦೧ರಲ್ಲಿ ಪ್ರಕಟವಾಗಿ, ಅಂದು ಕಡೂರು ಜಿಲ್ಲೆಯೆನಿಸಿಕೊಂಡಿದ್ದ ಈ ಪ್ರಾಂತದ ಶಾಸನಗಳನ್ನು ಒಂದೆಡೆಗೆ ತಂದಿತು. ದೇವಾಲಯಗಳ ಶಿಲ್ಪವನ್ನೂ, ಅರಸುಮನೆತನಗಳ ವಂಶಾವಳಿಯನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿರುವರು. ಆದರೆ ಕಳೆದ ಮುಕ್ಕಾಲು ಶತಮಾನದಲ್ಲಿ ಈ ಮಲೆಗಳ ಬಾಳನ್ನೇ ಮಾರ್ಪಡಿಸಿದ ಒಂದು ವಸ್ತುವಿಗೆ ಶಾಸನವೂ ಇಲ್ಲ, ಚರಿತ್ರಕಾರನೂ ಇಲ್ಲ. ಕಾಫಿತೋಟದ ಕೊಟ್ಟಿಗೆಯಲ್ಲಿ, ಹಳೆಯ ಗ್ಯಾರೇಜಿನ ಹಿಂಬದಿಯಲ್ಲಿ, ಕೆಸರು ಮೆತ್ತಿಕೊಂಡು ನಿಂತಿರುವ ಜೀಪುಗಾಡಿಯೇ ಆ ವಸ್ತು.

ಮೂಡಿಗೆರೆಯಿಂದ ಕೊಟ್ಟಿಗೆಹಾರ, ಬಾಳೂರುಗಳ ಮೇಲೆ ಕಳಸಕ್ಕೆ ಹೋಗುವವರ ಕಣ್ಣಿಗೆ ಇಂಥ ಗಾಡಿಗಳು ಆಗಾಗ ಬೀಳುವುದುಂಟು. ನೋಡಿದೊಡನೆ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದಂತೆ ತೋರುತ್ತದೆ. ಬಗ್ಗಿ ಅಡಿಯನ್ನು ನೋಡಿದರೆ ಸಂಗತಿ ಬೇರೆಯಾಗುತ್ತದೆ. ಮುಂದಿನ ಅಚ್ಚು ಒಂದು ಗಾಡಿಯದು, ಹಿಂದಿನದು ಇನ್ನೊಂದರದು; ಎಂಜಿನ್ನು ಮತ್ತಾವುದೋ ಒಂದರಿಂದ ಬಂದುದು; ಮೈಕಟ್ಟು ಊರಿನ ಬೆಸುಗೆಯವನ ಕೈಕೆಲಸ. ಹುಟ್ಟುವಾಗ ಹಿಂದಿನ ಎರಡು ಚಕ್ರಗಳಿಗೆ ಮಾತ್ರವೇ ಬಲ ಪಡೆದಿದ್ದ ಗಾಡಿಯು ಇಲ್ಲಿಯ ಮೆಕ್ಯಾನಿಕ್ಕರ ಕೈಯಲ್ಲಿ ನಾಲ್ಕು ಚಕ್ರಗಳಿಗೂ ಬಲ ಪಡೆದು, ಜನರು ಹೇಳುವಂತೆ 'ಫೋರ್‌ವೀಲ್' ಆಗಿರುತ್ತದೆ. ಇದನ್ನು ಕಲಬೆರಕೆಯೆಂದು ತಿರಸ್ಕರಿಸಬೇಕೋ, ಪುರಾತನವಸ್ತುವೆಂದು ಆದರಿಸಬೇಕೋ ಎಂಬುದೇ ಪ್ರಕೃತ ವಿಚಾರ.

ಈ ಪ್ರಶ್ನೆಯ ತೂಕವನ್ನು ಅರಿಯಬೇಕಾದರೆ ಮೊದಲು ನೆಲದ ಸ್ವಭಾವವನ್ನು ನೆನೆಯಬೇಕು. ಬಾಬಾಬುಡನ್ ಗಿರಿಯ ದಕ್ಷಿಣಕ್ಕಿರುವ ಎತ್ತರದ ಸಾಲಿನಲ್ಲಿ ಕ್ಯಾನನ್ ಎಂಬ ಆಂಗ್ಲೇಯನು ೧೮೩೦ರಲ್ಲಿ ಕಾಫಿತೋಟವನ್ನು ಮಾಡಿದಂದಿನಿಂದ ಈ ಬೆಳೆಯು ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿತು. ತೋಟ ಹಬ್ಬಿದಷ್ಟು ಬೇಗ ದಾರಿ ಹಬ್ಬಲಿಲ್ಲ. ಕಾಫಿಯು ಬಹುಕಾಲ ಹೇರೆತ್ತುಗಳ ಬೆನ್ನಿನ ಮೇಲೆಯೇ ಘಟ್ಟವಿಳಿದು ಮಂಗಳೂರು ಬಂದರನ್ನು ಸೇರುತ್ತಿದ್ದಿತು. ಅನಂತರ ಗಾಡಿದಾರಿಗಳಾದುವು, ಆದರೂ ಅವು ಎತ್ತಿನ ಶಕ್ತಿಗೂ ಎತ್ತಿನ ಸಹನೆಗೂ ತಕ್ಕಂತೆ ಕಡಿದ ದಾರಿಗಳು. ರೈಲು ಕಡೂರಿನ ಮೇಲೆ ಹಾದುಹೋದುದೇ ಹೊರತು ಮಲೆಯ ಕಡೆಗೆ ತಿರುಗಲಿಲ್ಲ. ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಬಂದುದು ೨೦೧೩ರ ನವೆಂಬರಿನಲ್ಲಿ. ಮೂಡಿಗೆರೆ, ಕಳಸಗಳಿಗೆ ಅದೂ ಇಲ್ಲ. ಆರಿದ್ರೆಯ ಮಳೆ ಹಿಡಿದು ಪುಷ್ಯ, ಆಶ್ಲೇಷಗಳವರೆಗೆ ಬಿಡದೆ ಸುರಿಯುವ ಈ ಸೀಮೆಯಲ್ಲಿ, ತೋಟದೊಳಗಣ ಜೇಡಿಮಣ್ಣಿನ ದಾರಿಯು ಆ ಎರಡು ತಿಂಗಳು ದಾರಿಯಾಗಿರದೆ ಹಳ್ಳವಾಗಿರುತ್ತಿದ್ದಿತು.

ಅಂಥ ದಾರಿಯಲ್ಲಿ ಸಾಮಾನ್ಯ ಮೋಟಾರುಗಾಡಿ ಸೋಲುವುದಕ್ಕೆ ಕಾರಣವುಂಟು. ಎತ್ತಿನಗಾಡಿಯಲ್ಲಿ ಎಳೆಯುವುದು ಎತ್ತು; ಚಕ್ರವು ಹಿಂದೆ ಉರುಳಿಬರುವುದಷ್ಟೆ. ಎತ್ತಿನ ಗೊರಸು ನೆಲವನ್ನು ಕಚ್ಚಿ ಹಿಡಿದರೆ ಸಾಕು, ಗಾಡಿ ಬಂದೇ ಬರುತ್ತದೆ. ಮೋಟಾರಿನಲ್ಲಾದರೋ ಚಕ್ರವೇ ಎತ್ತು. ಅದೇ ನೆಲವನ್ನು ಹಿಡಿದು ನೂಕಬೇಕು. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ ತಲಪುತ್ತಿದ್ದಿತು. ಮುಂದಿನವು ದಾರಿ ತೋರಿಸುವುದಕ್ಕೆ ಮಾತ್ರ. ಹಿಂದಿನ ಚಕ್ರವು ಕೆಸರಿನಲ್ಲಿ ಜಾರಿತೆಂದರೆ ನಿಂತಲ್ಲೇ ತಿರುಗಿ ಗುಂಡಿಯನ್ನು ತೋಡುವುದು. ಮುಂದಿನ ಚಕ್ರಗಳಿಗೂ ಬಲವನ್ನು ಕೊಟ್ಟರೆ, ಹಿಂದಿನದು ಸೋತಲ್ಲಿ ಮುಂದಿನದು ಎಳೆಯುತ್ತದೆ. ಮಾತಿನಲ್ಲಿ ಇದು ಸುಲಭ. ಕಷ್ಟವಿರುವುದು ಮುಂದಿನ ಚಕ್ರದ ಎರಡು ಕರ್ತವ್ಯಗಳಲ್ಲಿ: ಅದು ಅತ್ತಿತ್ತ ತಿರುಗಿ ದಾರಿಯನ್ನೂ ತೋರಬೇಕು, ತಿರುಗಿರುವಾಗಲೇ ಬಲವನ್ನೂ ಪಡೆಯಬೇಕು.

ಈ ತೊಡಕನ್ನು ಬಿಡಿಸಲು ಪಾಶ್ಚಾತ್ಯ ಯಂತ್ರಶಿಲ್ಪಿಗಳು ಐವತ್ತು ವರ್ಷಗಳ ಕಾಲ ಹೆಣಗಿದರು. ಇಂಗ್ಲೆಂಡಿನಲ್ಲಿ ಬ್ರಾಮಾ ಡಿಪ್ಲಾಕ್ ಎಂಬಾತನು ೧೮೯೩ರಲ್ಲಿ ಉಗಿಯಂತ್ರದ ಎಳೆಗಾಡಿಗೆ ಈ ಏರ್ಪಾಟಿನ ಪೇಟೆಂಟನ್ನು ಪಡೆದನು. ಹಾಲೆಂಡಿನ ಸ್ಪೈಕರ್ ಸಂಸ್ಥೆಯು ೧೯೦೩ರಲ್ಲಿ ನಾಲ್ಕು ಚಕ್ರಗಳಿಗೂ ಬಲವಿರುವ ಪೆಟ್ರೋಲು ಕಾರನ್ನು ನಿರ್ಮಿಸಿತು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಕ್ಲಿಂಟನ್‌ವಿಲ್ ಎಂಬ ಊರಿನಲ್ಲಿ ಝಾಕೋ ಮತ್ತು ಬೆಸ್ಸರ್‌ಡಿಕ್ ಎಂಬಿಬ್ಬರು ೧೯೦೮ರ ಸುಮಾರಿಗೆ ಅಂಥದೇ ಗಾಡಿಯನ್ನು ಮಾಡಿದರು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಇಂಡಿಯಾನಪೊಲಿಸ್ ನಗರದ ಮಾರ್ಮನ್-ಹೆರಿಂಗ್ಟನ್ ಸಂಸ್ಥೆಯ ಕೆಲಸ. ೧೯೩೧ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಆ ದಶಕದ ನಡುವಿನಿಂದ ಫೋರ್ಡ್ ಕಾರ್ಖಾನೆಯ ಲಾರಿಗಳನ್ನೂ, ಮುಂದೆ ಕಾರುಗಳನ್ನೂ ಕೊಂಡು, ಅವುಗಳಿಗೆ ಮುಂದಿನ ಅಚ್ಚಿನ ಬಲವನ್ನು ಜೋಡಿಸಿ ಮಾರುತ್ತಿದ್ದಿತು. ಒಬ್ಬರು ಮಾಡಿದ ಗಾಡಿಯನ್ನು ಇನ್ನೊಬ್ಬರು ತಿದ್ದಿ ನಾಲ್ಕೆಳೆತದ್ದನ್ನಾಗಿ ಮಾಡುವುದು ಅಲ್ಲಿ ಗೌರವದ ಉದ್ಯಮವೇ ಆಗಿದ್ದಿತು. ಇಂದು ಆ ತಿದ್ದಿದ ಫೋರ್ಡುಗಳನ್ನು ಸಂಗ್ರಾಹಕರು ಅಪೂರ್ವವೆಂದು ಹುಡುಕುವರು.

ಎರಡನೆಯ ಮಹಾಯುದ್ಧವು ಈ ಪ್ರಯತ್ನಗಳಿಗೆಲ್ಲ ಒಂದು ರೂಪವನ್ನು ಕೊಟ್ಟಿತು. ೧೯೪೦ರಲ್ಲಿ ಅಮೆರಿಕದ ಸೈನ್ಯವು ಹಗುರವಾದ ನಾಲ್ಕೆಳೆತದ ಗಾಡಿಯನ್ನು ಬೇಡಿದಾಗ, ಬ್ಯಾಂಟಮ್ ಎಂಬ ಸಣ್ಣ ಸಂಸ್ಥೆಯು ಕಾರ್ಲ್ ಪ್ರಾಬ್ಸ್ಟ್ ಎಂಬ ಶಿಲ್ಪಿಯ ನೆರವಿನಿಂದ ಆ ವರ್ಷದ ಸೆಪ್ಟೆಂಬರ್ ೨೩ರಂದು ಮೊದಲನೆಯ ಮಾದರಿಯನ್ನು ಒಪ್ಪಿಸಿತು. ಆದರೆ ಬಹುಸಂಖ್ಯೆಯಲ್ಲಿ ನಿರ್ಮಿಸುವ ಭಾಗ್ಯ ವಿಲ್ಲೀಸ್ ಮತ್ತು ಫೋರ್ಡ್ ಸಂಸ್ಥೆಗಳದಾಯಿತು. ಯುದ್ಧ ಮುಗಿಯುವುದರೊಳಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ಮಾಡಿದುವು. ಮುಂದುಹಿಂದಿನ ಅಚ್ಚುಗಳ ನಡುವೆ ೮೦ ಅಂಗುಲ, ನಾಲ್ಕು ಸಿಲಿಂಡರಿನ ೬೦ ಅಶ್ವಶಕ್ತಿಯ ಎಂಜಿನ್ನು, ಬೇಕಾದಾಗ ಮುಂದಿನ ಅಚ್ಚನ್ನು ಕೂಡಿಸುವ ಒಂದು ಲಿವರು, ವೇಗವನ್ನು ಸುಮಾರು ಅರ್ಧಕ್ಕಿಳಿಸಿ ಬಲವನ್ನು ಇಮ್ಮಡಿಸುವ ಇನ್ನೊಂದು ಲಿವರು: ಇವೇ ಅದರ ಮುಖ್ಯ ಲಕ್ಷಣಗಳು.

ಭಾರತ, ಬರ್ಮಾ, ಚೀನಾ ರಣರಂಗಕ್ಕಾಗಿ ಬಂದಿದ್ದ ಇಂಥ ಗಾಡಿಗಳಲ್ಲಿ ಎಷ್ಟೋ ಯುದ್ಧಾನಂತರ ಮರಳಿ ಹೋಗದೆ ಇಲ್ಲಿಯೇ ವಿಲೇವಾರಿಯಾದುವು. ಅದೇ ಕಾಲದಲ್ಲಿ, ೧೯೪೫ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಿಂದ ಹುಟ್ಟಿದ ಸಂಸ್ಥೆಯು, ಪಾಲುದಾರರಾದ ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕೆ ತೆರಳಿದ ಮೇಲೆ ೧೯೪೮ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎನಿಸಿತು. ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವ ಕೆಲಸವನ್ನು ಈ ಸಂಸ್ಥೆಯು ಕೈಕೊಂಡು, ಕ್ರಮೇಣ ಇಲ್ಲಿಯೇ ನಿರ್ಮಿಸತೊಡಗಿತು. ವಿಲ್ಲೀಸ್ ಸಂಸ್ಥೆಯು ೧೯೫೩ರಲ್ಲಿ ಹೊರತಂದ, ಎತ್ತರದ ಬಾನೆಟ್ಟಿನ ಸಿಜೆ-೩ಬಿ ಎಂಬ ಮಾದರಿಯು ಅಮೆರಿಕದಲ್ಲಿ ನಿಂತುಹೋದ ಮೇಲೂ ಭಾರತದಲ್ಲಿ ದಶಕಗಳ ಕಾಲ ತಯಾರಾಗುತ್ತಿದ್ದಿತು. ಆದರೆ ಭಾರತದಲ್ಲಿ ಮಾರಾಟವಾದ ಜೀಪುಗಳೆಲ್ಲವೂ ನಾಲ್ಕೆಳೆತದವಲ್ಲ. ಬಯಲುಸೀಮೆಯ ಬಾಡಿಗೆಗಾಡಿಗೂ, ಕಚೇರಿಯ ಸಂಚಾರಕ್ಕೂ ಎರಡು ಚಕ್ರದ ಬಲವೇ ಸಾಕಾಗಿದ್ದಿತು. ಅಂಥದಕ್ಕೆ ಬೆಲೆಯೂ ಕಡಮೆ. ಆ ಅಗ್ಗದ ಜೀಪು ಕೈಬದಲಾಗಿ ಮಲೆಗೆ ಬಂದಾಗ ಅದರ ಕೊರತೆಯು ಮೊದಲನೆಯ ಮಳೆಯಲ್ಲಿಯೇ ಗೊತ್ತಾಗುತ್ತಿದ್ದಿತು.

ಇಲ್ಲಿಂದ ಮುಂದಿನ ಚರಿತ್ರೆಯು ಕಾರ್ಖಾನೆಯದಲ್ಲ, ಗ್ಯಾರೇಜಿನದು. ಸೈನ್ಯವು ಹರಾಜಿನಲ್ಲಿ ವಿಲೇವಾರಿ ಮಾಡಿದ ಗಾಡಿಗಳ ಬಿಡಿಭಾಗಗಳು ಬೆಂಗಳೂರಿನ ಶಿವಾಜಿನಗರದ ಗುಜರಿಯಂಥ ಪೇಟೆಗಳಲ್ಲಿ ದೊರೆಯುತ್ತಿದ್ದುವು. ಅಲ್ಲಿಂದ ಮುಂದಿನ ಅಚ್ಚನ್ನೂ, ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸನ್ನೂ ತಂದು ಎರಡೆಳೆತದ ಗಾಡಿಗೆ ಕೂಡಿಸುವುದೇ ಪರಿವರ್ತನೆಯ ಮೊದಲ ಹೆಜ್ಜೆ. ಹಳೆಯ ಮುಂದಿನ ಅಚ್ಚನ್ನು ಕಳಚಿ, ಸ್ಪ್ರಿಂಗಿನ ಪಟ್ಟಿಗಳ ಮೇಲೆ ಹೊಸದನ್ನು ಕೂರಿಸಿ, ಪ್ರೊಪೆಲ್ಲರ್ ಶಾಫ್ಟನ್ನು ಲೇತಿನಲ್ಲಿ ಕೊಯ್ದು ಅಳತೆಗೆ ತಂದು ಬೆಸುಗೆ ಹಾಕಬೇಕು. ಬೆಸುಗೆ ಕೂದಲೆಳೆಯಷ್ಟು ಓರೆಯಾದರೂ ಗಾಡಿಯೆಲ್ಲ ನಡುಗುವುದು.

ಇದಕ್ಕಿಂತ ಸೂಕ್ಷ್ಮವಾದುದು ಹಲ್ಲುಗಳ ಲೆಕ್ಕ. ಯುದ್ಧಕಾಲದ ವಿಲ್ಲೀಸ್ ಗಾಡಿಯ ಅಚ್ಚಿನೊಳಗೆ ೮ ಹಲ್ಲಿನ ಪಿನಿಯನ್ನಿಗೆ ೩೯ ಹಲ್ಲಿನ ಕ್ರೌನ್ ಚಕ್ರವಿದ್ದಿತು. ಸಿಜೆ-೩ಬಿ ಗಾಡಿಯಲ್ಲಿ ಅದೇ ೮ ಹಲ್ಲಿಗೆ ೪೩. ಹೊರಗಿನಿಂದ ಎರಡು ಅಚ್ಚುಗಳೂ ಅಕ್ಕತಂಗಿಯರಂತೆ ಕಾಣುವುವು. ಆದರೆ ಮುಂದೆ ಒಂದನ್ನೂ ಹಿಂದೆ ಇನ್ನೊಂದನ್ನೂ ಕೂಡಿಸಿದರೆ, ಎಂಜಿನ್ನು ಒಂದೇ ಸಮನೆ ತಿರುಗಿಸಿದರೂ ಮುಂದಿನ ಚಕ್ರವು ಒಂದು ವೇಗದಲ್ಲಿ, ಹಿಂದಿನದು ಇನ್ನೊಂದು ವೇಗದಲ್ಲಿ ಓಡಲೆಳಸಿ, ಒಂದನ್ನೊಂದು ಸೆಣಸಿ, ಕೊನೆಗೆ ಹಲ್ಲೋ ಶಾಫ್ಟೋ ಮುರಿಯುವುದು. ಆದುದರಿಂದ ಒಳ್ಳೆಯ ಮೆಕ್ಯಾನಿಕ್ಕನು ಅಚ್ಚನ್ನು ಕೊಳ್ಳುವ ಮೊದಲು ಅದನ್ನು ಬಿಚ್ಚಿಸಿ ಹಲ್ಲನ್ನು ಎಣಿಸಲೇಬೇಕು. ಗಣಿತದ ಪಾಠಶಾಲೆಯನ್ನು ಕಾಣದವರೂ ಈ ಅನುಪಾತವನ್ನು ಬೆರಳ ತುದಿಯಲ್ಲಿ ಬಲ್ಲವರಾಗಿದ್ದುದು ಈ ವೃತ್ತಿಯ ಹೆಗ್ಗಳಿಕೆ.

ಪೆಟ್ರೋಲಿನ ಬೆಲೆ ಏರಿದಂತೆ ಎಂಜಿನ್ನೂ ಬದಲಾಯಿತು. ಹಳೆಯ ಪೆಟ್ರೋಲು ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಏರಿಸುವುದು ಸಾಮಾನ್ಯವಾಯಿತು. ತೋಟದ ಕೆಲಸದವರನ್ನೂ ಕಾಫಿಯ ಮೂಟೆಗಳನ್ನೂ ಒಟ್ಟಿಗೆ ಹೊರಬೇಕಾದುದರಿಂದ ಹಿಂಬದಿಯ ಮೈ ಉದ್ದವಾಯಿತು. ಈ ರೀತಿ ಒಂದೊಂದು ಮಾರ್ಪಾಡಿಗೂ ಒಂದೊಂದು ಕಾರಣವಿದ್ದು, ಆ ಕಾರಣವು ಈ ನೆಲದ್ದೇ ಆಗಿದ್ದಿತು. ಇದು ನಮ್ಮ ಮಲೆಗಳಿಗೆ ಮಾತ್ರ ಸೇರಿದ ಕಥೆಯೂ ಅಲ್ಲ. ಡಾರ್ಜಿಲಿಂಗ್ ಪ್ರಾಂತದ ಮಾನೇಭಂಜಂಗಿನಿಂದ ಸಂದಕ್‌ಫೂ ಶಿಖರಕ್ಕೆ ಏರುವ ಕಲ್ಲುದಾರಿಯಲ್ಲಿ ೧೯೫೦ರ ದಶಕದ ಲ್ಯಾಂಡ್‌ರೋವರ್ ಗಾಡಿಗಳು, ಅನೇಕವು ಎಂಜಿನ್ನು ಬದಲಾಯಿಸಿಕೊಂಡು, ಊರವರ ಕೈಯಲ್ಲಿ ದಶಕಗಳ ಕಾಲ ಓಡಿದುವು. ದಾರಿ ಕಠಿಣವಾದಲ್ಲೆಲ್ಲ ಜನರು ಹಳೆಯ ಯಂತ್ರಕ್ಕೆ ಹೊಸ ಪ್ರಾಣವನ್ನು ತುಂಬಿರುವರು.

ಇಂಥ ಗಾಡಿಯು ಎದುರಾದಾಗ ಅದನ್ನು ಗುರುತಿಸುವ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲು ಮುಖವನ್ನು ನೋಡಬೇಕು. ಯುದ್ಧಕಾಲದ ಜೀಪಿನ ಅಚ್ಚೊತ್ತಿದ ತಗಡಿನ ಮುಖದಲ್ಲಿ ಒಂಬತ್ತು ಸೀಳುಗಳಿರುವುವು. ಅನಂತರ ಸಾರ್ವಜನಿಕರಿಗಾಗಿ ಮಾಡಿದ ಜೀಪುಗಳಲ್ಲಿ ಏಳು. ಬಳಿಕ ಬಗ್ಗಿ ಮುಂದಿನ ಅಚ್ಚನ್ನು ನೋಡಬೇಕು. ಎರಡೆಳೆತದ ಗಾಡಿಯಲ್ಲಿ ಅದು ಬರಿಯ ದಂಡ. ನಾಲ್ಕೆಳೆತದ್ದರಲ್ಲಿ ಕುಂಬಳಕಾಯಿಯಂಥ ಡಿಫರೆನ್ಷಿಯಲ್ ಗಡ್ಡೆಯಿರುವುದು. ಯುದ್ಧಕಾಲದ ವಿಲ್ಲೀಸಿನಲ್ಲಿ ಆ ಗಡ್ಡೆಯು ನಡುವಿನಲ್ಲಿರದೆ ಬಲಕ್ಕೆ ಸರಿದಿರುವುದು. ಬೋಲ್ಟಿನ ತಲೆಯ ಮೇಲೆ ಆಂಗ್ಲದ 'ಎಫ್' ಅಕ್ಷರವು ಕಂಡರೆ ಆ ಭಾಗವು ಫೋರ್ಡ್ ಕಾರ್ಖಾನೆಯ ಯುದ್ಧಕಾಲದ ಜೀಪಿನಿಂದ ಬಂದುದೆಂದು ಊಹಿಸಬಹುದು. ಮುಖದಲ್ಲಿ ಏಳು ಸೀಳು, ಅಡಿಯಲ್ಲಿ ಯುದ್ಧಕಾಲದ ಅಚ್ಚು, ಬಾನೆಟ್ಟಿನ ಕೆಳಗೆ ಡೀಸೆಲ್ ಎಂಜಿನ್ನು, ಚೌಕಟ್ಟಿನ ಮೇಲೆ ಕೈಬೆಸುಗೆಯ ಗಂಟು: ಇವು ಒಂದೆಡೆ ಸೇರಿದ್ದರೆ ಅದು ಊರಿನಲ್ಲಿ ಪರಿವರ್ತಿತವಾದ ಗಾಡಿಯೆಂಬುದರಲ್ಲಿ ಸಂಶಯವಿಲ್ಲ. ಲಿಪಿಯ ವಳಿಯಿಂದ ಶಾಸನದ ಕಾಲವನ್ನು ನಿರ್ಣಯಿಸುವಂತೆಯೇ ಇದೂ.

ಈ ಗಾಡಿಗಳು ಮಾಡಿದ ಸೇವೆಯೇನು? ಕಣದಿಂದ ಕಾಫಿ ಸಾಗಿಸಿದುದು ಒಂದು. ಲೈನಿನ ಮನೆಯಲ್ಲಿ ಹೆರಿಗೆಯ ನೋವು ಹತ್ತಿದ ಹೆಂಗಸನ್ನು ಸರಿರಾತ್ರಿಯಲ್ಲಿ ಡಾಂಬರುರಸ್ತೆಯವರೆಗೆ ಮುಟ್ಟಿಸಬಲ್ಲುದಾದುದು ಇನ್ನೊಂದು. ಕಳಸಕ್ಕೂ ಹೊರನಾಡಿಗೂ ನಡುವೆ ಭದ್ರೆಯ ಮೇಲಿದ್ದ ಹೆಬ್ಬಾಳೆಯ ತಗ್ಗುಸೇತುವೆಯು ಮಳೆಗಾಲದಲ್ಲಿ ಮುಳುಗುತ್ತಿದ್ದ ದಿನಗಳನ್ನು ಆ ಕಡೆಯವರು ಮರೆತಿಲ್ಲ. ೨೦೧೯ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಕುಸಿದು, ಚಾರ್ಮಾಡಿ ಘಟ್ಟದ ದಾರಿಯೇ ಮುಚ್ಚಿಹೋದಾಗ, ದಾರಿಯೆಂಬುದು ಎಷ್ಟು ಅಸ್ಥಿರವಾದುದೆಂಬುದು ಮತ್ತೊಮ್ಮೆ ಮನವರಿಕೆಯಾಯಿತು. ಇಂದು ಕುದುರೆಮುಖ ಶಿಖರವನ್ನು ನೋಡಬಂದವರನ್ನು ಬಾಳೆಗಲ್ಲಿನಿಂದ ಮುಳ್ಳೋಡಿಯವರೆಗೆ ಏರಿಸುವುದೂ ಜೀಪುಗಳೇ.

ಇಷ್ಟಾದರೂ ಈ ಗಾಡಿಗಳ ಆಯುಸ್ಸು ಮುಗಿಯುತ್ತ ಬಂದಿದೆ. ೧೯೮೮ರ ಮೋಟಾರುವಾಹನ ಕಾಯಿದೆಯ ೫೨ನೆಯ ಪ್ರಕರಣವು ಗಾಡಿಯ ಮೂಲಲಕ್ಷಣಗಳನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕಾರ್ಖಾನೆಯು ನಿರ್ಧರಿಸಿದ ಮೂಲರಚನೆಗೆ ವಿರುದ್ಧವಾಗಿ ಗಾಡಿಯನ್ನು ತಿದ್ದತಕ್ಕುದಲ್ಲವೆಂದು ಸುಪ್ರೀಂ ಕೋರ್ಟು ೨೦೧೯ರ ಜನವರಿ ೯ರಂದು ತೀರ್ಪಿತ್ತಿತು. ಖಾಸಗಿ ಗಾಡಿಗಳಾದರೆ ಹದಿನೈದು ವರ್ಷಗಳಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕಾಗಿರುವುದರಿಂದ, ತಿದ್ದಿದ ಗಾಡಿಯು ಪ್ರತಿಸಲವೂ ಪರೀಕ್ಷಕರ ಮುಂದೆ ನಿಲ್ಲಬೇಕಾಗುವುದು. ಈ ನಿಯಮಗಳನ್ನು ಅನ್ಯಾಯವೆಂದು ಹಳಿಯುವುದು ಸಲ್ಲದು. ಬೆಸುಗೆ ಬಿಟ್ಟುಹೋದ ಚೌಕಟ್ಟು, ಹೊಸ ಎಂಜಿನ್ನಿನ ಭಾರವನ್ನು ತಡೆಯಲಾರದ ಹಳೆಯ ಬ್ರೇಕು, ಇವುಗಳಿಂದ ಘಟ್ಟದ ತಿರುವಿನಲ್ಲಿ ಆಗಬಹುದಾದ ಅನಾಹುತವು ಊಹೆಗೆ ನಿಲುಕದುದಲ್ಲ. ಜನರ ಪ್ರಾಣಕ್ಕಿಂತ ಹಳೆಯ ಗಾಡಿಯು ದೊಡ್ಡದಲ್ಲ.

ಆದರೆ ಇನ್ನೊಂದು ನಿಯಮವುಂಟು. ಅದನ್ನು ಕುರಿತು ವಿಚಾರಮಾಡಬೇಕು. ೨೦೨೧ರ ಜುಲೈಯಲ್ಲಿ ಕೇಂದ್ರಸರ್ಕಾರವು ಪುರಾತನ ವಾಹನಗಳನ್ನು ರಕ್ಷಿಸುವ ಸದುದ್ದೇಶದಿಂದ ಅವುಗಳಿಗೆ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ, ಚೌಕಟ್ಟು, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಹೊಂದದ ಗಾಡಿಯು ಮಾತ್ರ ಆ ಗೌರವಕ್ಕೆ ಅರ್ಹ. ಅದನ್ನು ದಿನನಿತ್ಯದ ಬಳಕೆಗೆ ರಸ್ತೆಗಿಳಿಸುವಂತೆಯೂ ಇಲ್ಲ. ಈ ಲಕ್ಷಣವನ್ನು ನಮ್ಮ ಮಲೆಯ ಜೀಪಿಗೆ ಅನ್ವಯಿಸಿದರೆ ಫಲವೇನು? ಪಟ್ಟಣದ ಸಿರಿವಂತನ ಮನೆಯಲ್ಲಿ ಹೊದಿಕೆಯ ಕೆಳಗೆ ನಿಂತು, ವರ್ಷಕ್ಕೊಮ್ಮೆ ಮೆರವಣಿಗೆಗೆ ಹೊರಡುವ ಕಾರು ಪರಂಪರೆಯೆನಿಸುವುದು. ಐವತ್ತು ಮಳೆಗಾಲಗಳಲ್ಲಿ ದುಡಿದು, ದುಡಿಯುವುದಕ್ಕಾಗಿಯೇ ರೂಪವನ್ನು ಬದಲಾಯಿಸಿಕೊಂಡ ಜೀಪು ಪರಂಪರೆಯೂ ಅಲ್ಲ, ಕ್ರಮಬದ್ಧವಾದ ಗಾಡಿಯೂ ಅಲ್ಲ; ಗುಜರಿಯ ಕಬ್ಬಿಣ ಮಾತ್ರ.

ನಮ್ಮ ಪೂರ್ವಿಕರು ಪುರಾತನತ್ವವನ್ನು ಹೀಗೆ ಅಳೆದವರಲ್ಲ. ಮಲೆನಾಡಿನ ಯಾವ ಹಳೆಯ ದೇವಾಲಯವನ್ನಾದರೂ ನೋಡಿರಿ. ಗರ್ಭಗೃಹ ಒಂದು ಕಾಲದ್ದು, ಮುಖಮಂಟಪ ಇನ್ನೊಂದು ಕಾಲದ್ದು, ಮಳೆಗೆ ಕೆಟ್ಟ ಮಾಡಿನ ಹೆಂಚು ಮೊನ್ನೆಯದು. ಅದನ್ನು ಕಲಬೆರಕೆಯೆಂದು ಯಾರೂ ಹೇಳುವುದಿಲ್ಲ; ಜೀರ್ಣೋದ್ಧಾರವೆಂದು ಹೇಳಿ, ಮಾಡಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಶಾಸನಗಳಲ್ಲಿ ಎಷ್ಟೋ ಇಂಥ ಉದ್ಧಾರವನ್ನು ತಿಳಿಸುವುದಕ್ಕಾಗಿಯೇ ಹುಟ್ಟಿದುವು. ಯಾವುದು ಎಂದು ಬದಲಾಯಿತು, ಏಕೆ ಬದಲಾಯಿತು, ಯಾರು ಬದಲಾಯಿಸಿದರು ಎಂಬುದೇ ಅಲ್ಲಿ ಚರಿತ್ರೆಯ ಸಾರ. ಸಂಸ್ಕೃತದ 'ಅಕ್ಷ'ವು ಜನರ ಬಾಯಲ್ಲಿ 'ಅಚ್ಚು' ಆಯಿತು. ಹಾಗಾದುದರಿಂದ ಅದು ಕೆಟ್ಟಿತೆಂದು ವೈಯಾಕರಣರು ತಳ್ಳದೆ, ತದ್ಭವವೆಂಬ ಗೌರವದ ಹೆಸರನ್ನಿತ್ತರು. ಮೂಡಿಗೆರೆಯ ಗ್ಯಾರೇಜಿನಲ್ಲಿ ನಾಲ್ಕೆಳೆತವನ್ನು ಪಡೆದ ಜೀಪು ವಿಲ್ಲೀಸ್ ಗಾಡಿಯ ತದ್ಭವ.

ಹಾಗಾದರೆ ಮಾಡತಕ್ಕುದೇನು? ಈ ಗಾಡಿಗಳನ್ನೆಲ್ಲ ರಸ್ತೆಯಲ್ಲಿ ಓಡಿಸಬೇಕೆಂದು ಹಟ ಹಿಡಿಯುವುದು ಆವಶ್ಯಕವೂ ಅಲ್ಲ, ಉಚಿತವೂ ಅಲ್ಲ. ಅವು ಕರಗುವ ಮೊದಲು ದಾಖಲೆಯಾಗಬೇಕು. ಮನೆಮನೆಯ ಕೊಟ್ಟಿಗೆಯಲ್ಲಿರುವ ಗಾಡಿಯ ಭಾವಚಿತ್ರ, ಅದರ ಹಳೆಯ ನೋಂದಣಿಪತ್ರ, ಯಾವ ಅಚ್ಚು ಎಲ್ಲಿಂದ ಬಂದಿತೆಂಬ ವಿವರ, ಎಲ್ಲಕ್ಕಿಂತ ಮಿಗಿಲಾಗಿ ಅದನ್ನು ಕಟ್ಟಿದ ಮೆಕ್ಯಾನಿಕ್ಕನ ಹೆಸರು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುವುದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ತೋಟದ ರೈಟರುಗಳು ಬರೆದಿಟ್ಟ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಬಿಡಿಭಾಗದ ಬೆಲೆಯೂ ಕೂಲಿಯೂ ನಮೂದಾಗಿರಬಹುದು. ಅವುಗಳನ್ನು ಗೆದ್ದಲಿಗೆ ಬಿಡಬಾರದು. ಎಲ್ಲಿಯಾದರೂ ಒಂದು ಗಾಡಿಯನ್ನು, ಓಡಿಸುವುದಕ್ಕಲ್ಲವಾದರೂ ನೋಡುವುದಕ್ಕಾಗಿ, ಇದ್ದಂತೆಯೇ ಉಳಿಸಬೇಕು. ಬೆಸುಗೆಯ ಗಂಟನ್ನು ಉಜ್ಜಿ ನುಣುಪುಮಾಡದೆ, ಬಣ್ಣ ಬಳಿದು ಕಾರ್ಖಾನೆಯ ರೂಪಕ್ಕೆ ಮರಳಿಸದೆ ಇಡಬೇಕು. ಆ ಗಂಟೇ ಅದರ ಶಾಸನ.

ಹಲ್ಲುಗಳನ್ನು ಎಣಿಸಿ ಅಚ್ಚುಗಳನ್ನು ಕೂಡಿಸಿದ ಕೈಗಳು ಈಗ ಮುಪ್ಪಾಗಿವೆ. ಹೊಸ ತಲೆಯವರು ಕಾರ್ಖಾನೆಯಿಂದಲೇ ನಾಲ್ಕೆಳೆತವಿರುವ ಗಾಡಿಯನ್ನು ಕೊಳ್ಳುವರು. ಅದು ಕೆಟ್ಟರೆ ಪಟ್ಟಣಕ್ಕೆ ಒಯ್ಯುವರು. ಮುದುಕರು ಬಲ್ಲುದನ್ನು ಕೇಳಿ ಬರೆದುಕೊಳ್ಳಲು ಉಳಿದಿರುವ ಮಳೆಗಾಲಗಳು ಬಹಳವಿಲ್ಲ. ಕಲ್ಲಿನ ಶಾಸನವು ಸಾವಿರ ವರ್ಷ ಕಾದೀತು. ಕಬ್ಬಿಣಕ್ಕೆ ಮಲೆನಾಡಿನ ಮಳೆಯಲ್ಲಿ ಅಷ್ಟು ಆಯುಸ್ಸಿಲ್ಲ.